ನೋವು ಶುರುವಾಗಿದ್ದು ಯಾವತ್ತು?

ಅಮೆರಿಕದಲ್ಲಿ ಫ್ಲೂ ಲಸಿಕೆ ಹಾಕಿಸಿಕೊಂಡ ರಾತ್ರಿಯೇ ನನ್ನ ಎಡಭುಜ ಹಿಡಿದುಕೊಂಡಿತು. ಸೂಜಿಯನ್ನು ತೀರಾ ಮೇಲೆ, ಕೀಲಿನ ಹತ್ತಿರ ಚುಚ್ಚಿದ್ದರು. ಲಸಿಕೆ ಅಂದಮೇಲೆ ಎರಡು ದಿನ ನೋವು ಇದ್ದದ್ದೇ ಅಲ್ವಾ ಅಂತ ಸುಮ್ಮನಿದ್ದೆ. ಮೂರು ತಿಂಗಳಾದರೂ ಕೈಯೆತ್ತಿ ತಲೆ ಬಾಚಿಕೊಳ್ಳಲು ಆಗಲಿಲ್ಲ.

ಲಸಿಕೆ ಚುಚ್ಚಿದ್ದರಿಂದ ಭುಜಕ್ಕೆ ಆಗುವ ಇಂಥ ಪೆಟ್ಟನ್ನು ಅಲ್ಲಿ ಸಿರ್ವಾ (SIRVA) ಅನ್ನುತ್ತಾರೆ. ನನ್ನ ವಿಷಯದಲ್ಲಿ ತಪ್ಪಿದ್ದು ಚುಚ್ಚಿದ ಜಾಗ. 2017ರಿಂದ ಇದು ಸರ್ಕಾರದ ಲಸಿಕೆ ಪರಿಹಾರ ಯೋಜನೆಯ ಪಟ್ಟಿಯಲ್ಲಿದೆ. 1986ರ ಕಾಯ್ದೆಯಿಂದ ಬಂದ ಯೋಜನೆ ಅದು. ನೇರವಾಗಿ ಕಂಪನಿಯ ಮೇಲೆ ಕೇಸು ಹಾಕುವಂತಿಲ್ಲ. ಮೊದಲು ವಾಷಿಂಗ್ಟನ್‌ನ ಫೆಡರಲ್ ಕ್ಲೇಮ್ಸ್ ಕೋರ್ಟಿಗೆ ಅರ್ಜಿ ಹಾಕಬೇಕು. ಎದುರಿಗೆ ನಿಲ್ಲುವುದು ಆರೋಗ್ಯ ಇಲಾಖೆ. ಲಸಿಕೆಗಳ ಮೇಲಿನ ತೆರಿಗೆಯಿಂದಲೇ ಪರಿಹಾರದ ದುಡ್ಡು ಬರುತ್ತದೆ.

ಪಟ್ಟಿಯ ಪ್ರಕಾರ ನೋವು 48 ಗಂಟೆಯೊಳಗೆ ಶುರುವಾಗಿರಬೇಕು. ನಾನು ಎಡವಿದ್ದು ಇಲ್ಲೇ. ಮೂರು ತಿಂಗಳ ಮೇಲೆ ನೋಡಿದ ಡಾಕ್ಟರು ಬರೀ 'ಭುಜ ನೋವು' ಅಂತ ಬರೆದುಕೊಂಡಿದ್ದರು. ಲಸಿಕೆಯ ಮಾತೇ ಇಲ್ಲ. ಸರ್ಕಾರದ ವಕೀಲರು ಅದನ್ನೇ ಹಿಡಿದುಕೊಂಡರು. ಆ ಕಾಗದ ನೋಡಿದಾಗ ಹೊಟ್ಟೆ ತೊಳೆಸಿದಂತಾಯಿತು. ಕೊನೆಗೆ ಕೈಹಿಡಿದದ್ದು ಮರುದಿನ ಬೆಳಿಗ್ಗೆ ಅಕ್ಕನಿಗೆ ಕಳಿಸಿದ್ದ ಮೆಸೇಜು: "ಅಕ್ಕಾ, ಲಸಿಕೆ ಹಾಕಿಸಿದ ಕೈ ಎತ್ತೋಕೇ ಆಗ್ತಿಲ್ಲ." ಫಿಸಿಯೋಥೆರಪಿಯವರು ಮೊದಲ ದಿನವೇ 'ಫ್ಲೂ ಲಸಿಕೆಯ ನಂತರ' ಅಂತ ಬರೆದಿದ್ದರು. ಮನೆಯವರ ಅಫಿಡವಿಟ್ಟೂ ಸೇರಿತು.

ಅದಕ್ಕೇ ಹೇಳುತ್ತೇನೆ, ನೋವು ಹೋಗದಿದ್ದರೆ ಬೇಗ ಡಾಕ್ಟರ ಹತ್ತಿರ ಹೋಗಿ. ಯಾವ ಲಸಿಕೆ, ಯಾವ ಕೈ, ಯಾವತ್ತಿನಿಂದ ನೋವು ಅಂತ ಬಾಯಿಬಿಟ್ಟು ಹೇಳಿ. ಬರೆದರೋ ಇಲ್ಲವೋ ನೋಡಿ. ತೊಂದರೆ ಆರು ತಿಂಗಳಿಗಿಂತ ಜಾಸ್ತಿ ಇತ್ತು ಅನ್ನುವುದಕ್ಕೂ ದಾಖಲೆ ಬೇಕು, ಹಾಗಾಗಿ ನಡುವೆ ಚಿಕಿತ್ಸೆ ನಿಲ್ಲಿಸಬೇಡಿ. ಮೊದಲ ಲಕ್ಷಣ ಕಂಡ ದಿನದಿಂದ ಮೂರು ವರ್ಷದೊಳಗೆ ಅರ್ಜಿ ಹೋಗಬೇಕು. ಕೋವಿಡ್ ಲಸಿಕೆಗೆ ಬೇರೆಯದೇ ಯೋಜನೆ. ಅಲ್ಲಿ ಲಸಿಕೆ ಪಡೆದ ದಿನದಿಂದ ಒಂದೇ ವರ್ಷ.

ವಕೀಲರ ಖರ್ಚಿಗೆ ಹೆದರಬೇಡಿ. ಅರ್ಜಿ ಪ್ರಾಮಾಣಿಕವಾಗಿದ್ದು, ತಕ್ಕ ಆಧಾರವೂ ಇದ್ದರೆ, ಸೋತರೂ ಯೋಜನೆಯೇ ಅವರ ಫೀಸು ಕೊಡಬಹುದು. ಪರಿಹಾರದಲ್ಲಿ ಅವರು ಪಾಲು ಕೇಳುವಂತಿಲ್ಲ. ನೋವು, ಸಂಕಟಕ್ಕೆ ಸಿಗುವ ಹಣಕ್ಕೆ 2,50,000 ಡಾಲರ್ ಮಿತಿ ಇದೆ. ನನ್ನದು ಅದಕ್ಕಿಂತ ಎಷ್ಟೋ ಕಡಿಮೆಗೆ ರಾಜಿಯಾಯಿತು. ಚಿಕಿತ್ಸೆಯ ಸಾಲ ತೀರಿತು.

ಫ್ಲೂ ಲಸಿಕೆ ಬಿಟ್ಟಿಲ್ಲ, ಪ್ರತಿ ವರ್ಷ ಹಾಕಿಸಿಕೊಳ್ಳುತ್ತೇನೆ. ಕಾಲರ್ ಎಳೆದು ಭುಜ ಕೊಡುವುದನ್ನು ಮಾತ್ರ ಬಿಟ್ಟೆ. ಈಗ ಅಂಗಿಯ ತೋಳು ಪೂರ್ತಿ ಮೇಲೆ ಮಡಿಸಿಕೊಂಡೇ ಕೂರುತ್ತೇನೆ.