ಮಾವಿನ ಕೊಂಬೆ ಸವರುವುದನ್ನು ಮುಂದೂಡಬೇಡಿ

ಕೊಯ್ಲು ಮುಗಿದ ಕೂಡಲೇ, ಆಗಸ್ಟ್ ಒಳಗೆ ಮಾವಿನ ಕೊಂಬೆ ಸವರಿ ಮುಗಿಸಿ. ಮಾವು ಹೂ ಬಿಡುವುದು ಬಲಿತ ರೆಂಬೆಯ ತುದಿಯಲ್ಲಿ. ಹೊಸ ಚಿಗುರು ಬಲಿಯಲು ತಿಂಗಳುಗಳೇ ಬೇಕು. ಅಕ್ಟೋಬರ್ ದಾಟಿದ ಮೇಲೆ ಕತ್ತರಿಸಿದರೆ ಮುಂದಿನ ಫಸಲನ್ನೇ ಕತ್ತರಿಸಿದಂತೆ.

ಒಣಗಿದ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ಮೊದಲು ತೆಗೆಯಿರಿ. ಬದನಿಕೆ (ಕೊಂಬೆಗೆ ಅಂಟಿ ಮರದ ರಸ ಹೀರುವ ಗಿಡ) ಕಂಡರೆ ಅದು ಅಂಟಿಕೊಂಡ ಜಾಗಕ್ಕಿಂತ ಕೆಳಗೆ ಕತ್ತರಿಸಿ, ಇಲ್ಲದಿದ್ದರೆ ಮತ್ತೆ ಚಿಗುರುತ್ತದೆ. ನಡುವಿನ ಒಂದೆರಡು ನೆಟ್ಟಗಿನ ಕೊಂಬೆ ತೆಗೆದರೆ ಒಳಗೆ ಬಿಸಿಲು ಬೀಳುತ್ತದೆ.

ದಪ್ಪ ಕೊಂಬೆಗೆ ಮಚ್ಚು ಬೇಡವೇ ಬೇಡ. ಗರಗಸದಿಂದ ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ದು, ಆಮೇಲೆ ಮೇಲಿನಿಂದ ಕೊಯ್ಯಿರಿ, ತೊಗಟೆ ಸೀಳುವುದಿಲ್ಲ. ಗಾಯಕ್ಕೆ ಅಂದೇ ಬೋರ್ಡೋ ಮುಲಾಮು ಹಚ್ಚಿ: 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಒಂದು ಲೀಟರ್ ನೀರು. ಕಲಸಲು ಪ್ಲಾಸ್ಟಿಕ್ ಬಕೆಟ್ ಬಳಸಿ, ಕಬ್ಬಿಣದ್ದು ಬೇಡ.