ಬಸುರಿ ಹಾವಿಗೆ ಬಿಸಿಲು ಬಿಡಿಸಿಕೊಟ್ಟೆವು

ಅಮೆರಿಕದ ಪೆನ್ಸಿಲ್ವೇನಿಯಾದ ಬೆಟ್ಟಗಳಲ್ಲಿ, ಬಾಲದಲ್ಲಿ ಗಿಲಕಿ ಇರುವ ವಿಷದ ಹಾವುಗಳಾದ ಟಿಂಬರ್ ರ್‍ಯಾಟಲ್‌ಸ್ನೇಕ್‌ಗಳ ಸಮೀಕ್ಷೆಗೆ ನಾನು ಸ್ವಯಂಸೇವೆಗೆ ಹೋಗುತ್ತೇನೆ. ಜುಲೈ, ಆಗಸ್ಟ್‌ನಲ್ಲಿ ನಾವು ಹುಡುಕುವುದು ಬಸುರಿ ಹಾವುಗಳನ್ನು. ಉಳಿದವು ಕಾಡಿನೊಳಗೆ ಚದುರಿಹೋಗಿರುತ್ತವೆ, ಸುಲಭಕ್ಕೆ ಸಿಗುವುದಿಲ್ಲ. ನಮ್ಮ ಕೊಳಕುಮಂಡಲದ ಹಾಗೆ ಇದೂ ಮೊಟ್ಟೆ ಇಡದೆ ಮರಿಯನ್ನೇ ಹಾಕುವ ಹಾವು. ಹೊಟ್ಟೆಯೊಳಗಿನ ಮರಿ ಬೆಳೆಯಬೇಕೆಂದರೆ ತಾಯಿಯ ಮೈ ಬೆಚ್ಚಗಿರಬೇಕು. ಹಾಗಾಗಿ ಬಸುರಿ ಹಾವು ಬಯಲು ಬಂಡೆಯೊಂದನ್ನು ಹಿಡಿದು, ಬೇಸಿಗೆಯಿಡೀ ಹೆಚ್ಚುಕಮ್ಮಿ ಉಪವಾಸ ಇರುತ್ತದೆ.

ಬಂಡೆಯ ಹತ್ತಿರ ಒಮ್ಮೆಲೇ ಹೋಗುವುದಿಲ್ಲ. ಮೊದಲು ದೂರದಿಂದ ಬೈನಾಕ್ಯುಲರ್‌ನಲ್ಲಿ ಒಂದೊಂದೇ ಬಿರುಕು ನೋಡುತ್ತೇನೆ. ಹಳದಿ ಮೈಯದು ಒಣ ಎಲೆಯ ನಡುವೆ, ಕಪ್ಪು ಮೈಯದು ನೆರಳಿನಲ್ಲಿ ಕರಗಿಹೋಗಿರುತ್ತದೆ. ಬಸುರಿಯಾದರೆ ಬಾಲದ ಕಡೆಯ ಮೈ ದಪ್ಪಗಾಗಿ, ಹುರುಪೆಗಳ ನಡುವಿನ ಚರ್ಮ ಹಿಗ್ಗಿ ಕಾಣುತ್ತದೆ. ಗಿಲಕಿಯ ಉಂಗುರ ಎಣಿಸಿ ವಯಸ್ಸು ಹೇಳುವವರಿದ್ದಾರೆ, ಅದು ತಪ್ಪು. ಪೊರೆ ಬಿಟ್ಟಾಗಲೆಲ್ಲ ಒಂದು ಉಂಗುರ ಸೇರುತ್ತದೆ, ತುದಿ ಆಗಾಗ ಮುರಿದೂ ಬೀಳುತ್ತದೆ.

ನಾವು ನೋಡುತ್ತಿದ್ದ ಒಂದು ಬಂಡೆಯ ಮೇಲೆ ಸುತ್ತಲಿನ ಮರಗಳು ಚಾಚಿಕೊಂಡು ನೆರಳು ಜಾಸ್ತಿಯಾಗಿತ್ತು. ಹಾವುಗಳೂ ಕಡಿಮೆಯಾದವು. ಅನುಮತಿ ಪಡೆದು ಚಳಿಗಾಲದಲ್ಲಿ ಗರಗಸ ಹಿಡಿದು ಹೋದೆವು. ಆಗ ಹಾವೆಲ್ಲ ನೆಲದಡಿಯ ಬಿರುಕುಗಳಲ್ಲಿ ಒಟ್ಟಿಗೆ ಮಲಗಿರುತ್ತವೆ, ತೊಂದರೆಯಿಲ್ಲ. ದಕ್ಷಿಣದ ಬಿಸಿಲು ತಡೆಯುವ ಮರಗಳನ್ನಷ್ಟೇ ಕಡಿದೆವು. ಬ್ಲೂಬೆರಿ ಪೊದೆಗಳನ್ನು ಮುಟ್ಟಲಿಲ್ಲ, ಗಿಡುಗ ಬಂದರೆ ಮರಿಗಳಿಗೆ ಅದೇ ಮರೆ. ಚಪ್ಪಡಿ ಕಲ್ಲು ಒಂದನ್ನೂ ಅಲುಗಿಸಲಿಲ್ಲ. ಆಮೇಲಿನ ಬೇಸಿಗೆಗಳಲ್ಲಿ ಬಸುರಿಯರು ಮತ್ತೆ ಬಂದರು. ತಾಯಿಯ ಸುರುಳಿಯ ಮೇಲೆ ಬೂದು ಬಣ್ಣದ ಮರಿಗಳು ಒತ್ತೊತ್ತಾಗಿ ಮಲಗಿದ್ದವು. ಬಾಲದಲ್ಲಿ ಗಿಲಕಿಯ ಬಟನ್ನಿನಂಥ ಒಂದೇ ಒಂದು ತುಣುಕು, ಅಲ್ಲಾಡಿಸಿದರೂ ಸದ್ದಿಲ್ಲ! ಮೊದಲ ಪೊರೆ ಬಿಡುವ ತನಕ, ಅಂದರೆ ವಾರ ಹತ್ತು ದಿನ, ತಾಯಿ ಜೊತೆಗಿರುತ್ತದೆ. ಚಳಿ ಶುರುವಾದಾಗ ಮರಿಗಳು ದೊಡ್ಡ ಹಾವುಗಳ ವಾಸನೆ ಹಿಡಿದು ಚಳಿಗಾಲದ ಬಿಲ ಸೇರುತ್ತವೆ.

ಇಷ್ಟು ಪಾಡು ಯಾಕೆ ಅಂದರೆ, ಈ ಹಾವು ಬಹಳ ನಿಧಾನ. ಈ ಕಡೆ ಹೆಣ್ಣು ಮೊದಲ ಸಲ ಮರಿ ಹಾಕುವ ಹೊತ್ತಿಗೆ ಸಾಮಾನ್ಯವಾಗಿ 7–10 ವರ್ಷ. ಮುಂದಿನದಕ್ಕೆ ಮತ್ತೆ ಮೂರು ನಾಲ್ಕು ವರ್ಷ. ಒಂದು ತಾಯಿಯನ್ನು ಹೊಡೆದರೆ ಆ ಜಾಗ ತುಂಬಲು ಎಷ್ಟು ಕಾಲ ಬೇಕು ನೋಡಿ. ಮೇನ್, ರೋಡ್ ಐಲ್ಯಾಂಡ್ ರಾಜ್ಯಗಳಲ್ಲಿ ಅದು ಅಳಿದೇ ಹೋಗಿದೆ. ಬಿದ್ದ ಮರದ ದಿಮ್ಮಿಗೆ ಗದ್ದ ಊರಿ, ಇಲಿ ಓಡುವ ದಾರಿಯಲ್ಲೇ ಗಂಟೆಗಟ್ಟಲೆ ಕಾಯುವ ಬೇಟೆಗಾರ ಇದು. ಇಲ್ಲಿನ ಬಿಳಿಗಾಲಿನ ಇಲಿಗಳಿಂದಲೇ ರಕ್ತ ಹೀರುವ ಉಣ್ಣೆಗಳಿಗೆ, ಅವು ಕಚ್ಚಿ ಮನುಷ್ಯರಿಗೆ ಹರಡುವ ಲೈಮ್ ರೋಗದ ಸೋಂಕು ಅಂಟುವುದು ಹೆಚ್ಚು. ಹಾವು ಇಲಿ ನುಂಗಿದಾಗ ಅದರ ಮೈಮೇಲಿನ ಉಣ್ಣೆಗಳೂ ಹೊಟ್ಟೆ ಸೇರುತ್ತವೆ.

ಚಾರಣದಲ್ಲಿ ಇದು ಎದುರಾದರೆ ನಾಲ್ಕು ಹೆಜ್ಜೆ ಹಿಂದೆ ಸರಿದು ಸುತ್ತಿಕೊಂಡು ಹೋಗಿ. ಫೋಟೋ ಬೇಕಿದ್ದರೆ ದೂರದಿಂದ ತೆಗೆಯಿರಿ, ಆದರೆ ಫೋನಿನ ಲೊಕೇಶನ್ ಆಫ್ ಮಾಡಿ. ಹಾವು ಕದಿಯುವವರು ಬಂಡೆ ಹುಡುಕಲು ಅಂಥ ಫೋಟೋಗಳನ್ನೂ ನೋಡುತ್ತಾರೆ.