ಆದಿ ಜಲಜನಕದ ಸಂಕೇತದಿಂದ ಕಪ್ಪುದ್ರವ್ಯಕ್ಕೆ ಮಿತಿ ಹಾಕುವುದು ಹೇಗೆ?

ಕಪ್ಪುದ್ರವ್ಯವೆಂದರೆ ಬೆಳಕು ಬೀರದ, ಗುರುತ್ವದಿಂದಷ್ಟೇ ಗೊತ್ತಾಗುವ ದ್ರವ್ಯ. ಮೊದಲ ನಕ್ಷತ್ರಗಳ ಕಾಲದ ಜಲಜನಕ ಅನಿಲದ ರೇಡಿಯೊ ಗುರುತಿನಿಂದ ಅದರ ಕಣಗಳ ಗುಣ ಎಷ್ಟಿರಬಹುದೆಂದು ಮಿತಿ ಹಾಕಬಹುದು. ಪುಣೆಯಲ್ಲಿ ಎಂ.ಎಸ್ಸಿ ಪ್ರಾಜೆಕ್ಟಿಗೆ ಈ ವಿಷಯ ಹಿಡಿಯುವ ಕನ್ನಡದ ಹುಡುಗರು ಎಡವುವುದು ಮೂರನೇ ಹಂತದಲ್ಲಿ. ಮೊದಲೆರಡು ಬರೀ ಲೆಕ್ಕ.

1. ಜಲಜನಕದ ಗೆರೆ ಮೂಲದಲ್ಲಿ 1420.4 ಮೆಗಾಹರ್ಟ್ಸ್, ವಿಶ್ವ ಹಿಗ್ಗಿದಂತೆ ಅದು ಕೆಳಗಿಳಿದು ನಮಗೆ ಸಿಗುತ್ತದೆ. 1420.4 ಅನ್ನು ನೀವು ಅಳೆದ ಮೆಗಾಹರ್ಟ್ಸ್‌ನಿಂದ ಭಾಗಿಸಿ. 78ಕ್ಕೆ 18.2 ಬರುತ್ತದೆ, ವಿಶ್ವ ಅಷ್ಟು ಪಟ್ಟು ಚಿಕ್ಕದಿದ್ದ ಕಾಲ ಅದು.

2. ಆಗ ಮಹಾಸ್ಫೋಟದಿಂದ ಉಳಿದ ಹಿನ್ನೆಲೆ ವಿಕಿರಣ ಸುಮಾರು 50 ಕೆಲ್ವಿನ್. ಅನಿಲ ತಾನಾಗಿ ಹಿಗ್ಗಿ ತಣಿದಿದ್ದರೆ 7 ಕೆಲ್ವಿನ್. ತಣ್ಣಗಿನ ಅನಿಲ ಆ ವಿಕಿರಣವನ್ನು ಹೀರಿದಾಗ ರೋಹಿತದಲ್ಲಿ, ಅಂದರೆ ಕಂಪನಾಂಕಕ್ಕೆ ತಕ್ಕಂತೆ ಹೊಳಪು ತೋರುವ ಗೆರೆಯಲ್ಲಿ, ಒಂದು ತಗ್ಗು ಬೀಳುತ್ತದೆ. ರೇಡಿಯೊ ಹೊಳಪನ್ನೂ ಕೆಲ್ವಿನ್‌ನಲ್ಲೇ ಅಳೆಯುತ್ತಾರೆ; ಈ ತಗ್ಗು ಹೆಚ್ಚೆಂದರೆ 0.22 ಕೆಲ್ವಿನ್ ಆಳ. 2018ರಲ್ಲಿ, ಆಸ್ಟ್ರೇಲಿಯಾದಲ್ಲಿ ಆಂಟೆನಾ ನೆಟ್ಟು ಈ ತಗ್ಗು ಹುಡುಕಿದ ಎಡ್ಜಸ್ ತಂಡ 0.5 ಕೆಲ್ವಿನ್ ಎಂದಿತು. ಅಷ್ಟು ಆಳಕ್ಕೆ ಅನಿಲ ಸುಮಾರು 3.3 ಕೆಲ್ವಿನ್‌ಗೆ ಇಳಿದಿರಬೇಕು. ಹಗುರವಾದ ಕಪ್ಪುದ್ರವ್ಯದ ಕಣಗಳಿಗೆ ಡಿಕ್ಕಿಯಾಗಿ ಶಾಖ ಕಳೆದುಕೊಂಡಿರಬಹುದು ಎಂದು ಇಸ್ರೇಲಿನ ಖಭೌತ ವಿಜ್ಞಾನಿ ರೆನ್ನನ್ ಬರ್ಕಾನಾ ಸೂಚಿಸಿದರು.

3. ಇಲ್ಲಿ ಅವಸರ ಬೇಡ. 78 ಮೆಗಾಹರ್ಟ್ಸ್‌ನಲ್ಲಿ ನಮ್ಮ ಗೆಲಾಕ್ಸಿಯೇ ಸುಮಾರು 1,600 ಕೆಲ್ವಿನ್ ಹೊಳೆಯುತ್ತದೆ. ನೀವು ಹುಡುಕುವುದು ಅದರ ಏಳೆಂಟು ಸಾವಿರದಲ್ಲೊಂದು ಪಾಲು. ಆಂಟೆನಾಕ್ಕೂ ರಿಸೀವರಿಗೂ ನಡುವೆ 5 ಮೀಟರ್ ಕೇಬಲ್ ಇದೆ ಎನ್ನಿ. ತುದಿಯಲ್ಲಿ ಮರಳಿದ ತರಂಗ ಹೋಗಿ ಬರುವ ದೂರ 10 ಮೀಟರ್, ಕೇಬಲ್ಲಿನಲ್ಲಿ ಅದರ ವೇಗ ಬೆಳಕಿನ ಮೂರನೇ ಎರಡು ಪಾಲು. ರೋಹಿತದಲ್ಲಿ 20 ಮೆಗಾಹರ್ಟ್ಸ್‌ಗೊಂದರಂತೆ ಅಲೆ ಏಳುತ್ತದೆ. ಎಡ್ಜಸ್ ತಗ್ಗಿನ ಅಗಲ 19 ಮೆಗಾಹರ್ಟ್ಸ್! ಕೇಬಲ್ಲಿನ ಅಲೆಯನ್ನು ಆಕಾಶದ ತಗ್ಗೆಂದು ನಂಬುವುದು ಹೀಗೆ. ರಿಸೀವರನ್ನು ಆಂಟೆನಾದ ಬುಡದಲ್ಲೇ ಇಡಿ. ಸಡಿಲ ಕನೆಕ್ಟರ್ ಎಸೆಯಿರಿ. ಕಂಪ್ಯೂಟರಿನ ಯುಎಸ್‌ಬಿಗೆ ಸಿಕ್ಕಿಸುವ ಎಂಟು ಬಿಟ್‌ನ ಅಗ್ಗದ ರೇಡಿಯೊ ಡಾಂಗಲ್ ಬೇಡವೇ ಬೇಡ, ಒಮ್ಮೆಗೆ 2.4 ಮೆಗಾಹರ್ಟ್ಸ್ ನೋಡುವ ಅದರಿಂದ ತುಂಡು ಜೋಡಿಸಿದರೆ ಪ್ರತಿ ಹೊಲಿಗೆಯಲ್ಲೂ ಮೆಟ್ಟಿಲು ಬೀಳುತ್ತದೆ. ಪುಣೆಯ ಶಿವಾಜಿನಗರದ ತಾರಸಿಯಲ್ಲಿ ಅಳೆಯಲೂ ಹೋಗಬೇಡಿ: 88ರಿಂದ 108 ಮೆಗಾಹರ್ಟ್ಸ್‌ವರೆಗಿನ ಎಫ್‌ಎಂ ಈ ಕಿಟಕಿಯ ಮೇಲೇ ಕೂತಿದೆ.

ನೆಲವೂ ಮೋಸ ಮಾಡುತ್ತದೆ, ಮಣ್ಣಿನಡಿಯ ಬಂಡೆ ತರಂಗ ಮರಳಿಸುತ್ತದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಇದೇ ತಗ್ಗನ್ನು ಹುಡುಕುವ ತಮ್ಮ ಸಾರಸ್-3 ಆಂಟೆನಾವನ್ನು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟದ್ದು ಅದಕ್ಕೇ. ಎಡ್ಜಸ್ ಹೇಳಿದ ತಗ್ಗನ್ನು 2022ರಲ್ಲಿ ಅವರು 95.3% ವಿಶ್ವಾಸದಿಂದ ತಳ್ಳಿಹಾಕಿದರು.

ಗೆಲಾಕ್ಸಿಯ ಹೊಳಪನ್ನು ಬಹುಪದಿಯಿಂದ ಕಳೆಯುವಾಗ ಪದಗಳನ್ನು ಪೇರಿಸಿದಷ್ಟೂ ಗೆರೆ ಅಂದವಾಗುತ್ತದೆ, ಸಂಕೇತವೂ ಅದರ ಜೊತೆಗೇ ಕೊಚ್ಚಿಹೋಗುತ್ತದೆ. ಮೊದಲು ದತ್ತಾಂಶಕ್ಕೆ 0.2 ಕೆಲ್ವಿನ್‌ನ ನಕಲಿ ತಗ್ಗು ಸೇರಿಸಿ. ಕಳೆದ ಮೇಲೆ ಅದು ಉಳಿಯದಿದ್ದರೆ ನಿಮ್ಮ ಮಿತಿಗೆ ಬೆಲೆಯಿಲ್ಲ.

4. ಈಗ ಮಾದರಿ ಹೊಂದಿಸಿ. ಕಪ್ಪುದ್ರವ್ಯದ ಕಣಗಳು ಕ್ಷಯಿಸಿ ಅನಿಲ ಬಿಸಿಯಾದರೆ ತಗ್ಗು ಆಳ ಕಳೆದುಕೊಳ್ಳುತ್ತದೆ. ಬೆಚ್ಚಗಿನ ಕಪ್ಪುದ್ರವ್ಯವಾದರೆ, ಅಂದರೆ ಕಣಗಳು ಹಗುರವಾಗಿ ವೇಗವಾಗಿ ಓಡುತ್ತಿದ್ದರೆ, ಸಣ್ಣ ಗೆಲಾಕ್ಸಿಗಳು ತಡವಾಗಿ ಹುಟ್ಟಿ ತಗ್ಗು ಹೆಚ್ಚಿನ ಕಂಪನಾಂಕದತ್ತ ಸರಿಯುತ್ತದೆ. ಆದರೆ ಮೊದಲ ನಕ್ಷತ್ರಗಳ ಕಾಲದ ಎಕ್ಸ್-ಕಿರಣವೂ ಅನಿಲವನ್ನು ಕಾಯಿಸುತ್ತದೆ. ನಕ್ಷತ್ರಗಳ ಲೆಕ್ಕವನ್ನು ಒಂದೇ ಸಂಖ್ಯೆಗೆ ಕಟ್ಟಿಹಾಕದೆ, ಕಣದ ಗುಣಗಳ ಜೊತೆಗೇ ಸಡಿಲ ಬಿಟ್ಟು ಹೊಂದಿಸಿ. ಮಿತಿ ಅಗಲವಾಗಿ ಬರುತ್ತದೆ, ಬರಲಿ. ಅದನ್ನೇ ಬರೆಯಿರಿ.